ಮನೆಯೊಳಗಿನ ವಿಷ: ಗೃಹೋಪಯೋಗಿ ಕೀಟನಾಶಕಗಳ ಇತಿಹಾಸ ಮತ್ತು ಶ್ರಾವಕಧರ್ಮ

ಜೈನದರ್ಶನವು ಹಿಂಸೆಯನ್ನು ಕೇವಲ ಕೊಲ್ಲುವ ಕ್ರಿಯೆಯೆಂದು ಭಾವಿಸುವುದಿಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಾಣಹರಣದ ಮಾತಿಗಿಂತ ಮೊದಲು ಪ್ರಮಾದದ ಮಾತನ್ನು ಇರಿಸಿದ್ದಾರೆ. ಎಚ್ಚರಗೇಡಿತನದಿಂದ ನಡೆದ ಕ್ರಿಯೆಯೇ ಹಿಂಸೆಯ ಮೂಲ ಎಂಬುದು ಅದರ ತಾತ್ಪರ್ಯ. ಇಂದಿನ ಗೃಹಸ್ಥಜೀವನದಲ್ಲಿ ಈ ಪ್ರಮಾದವು ಎಲ್ಲಿ ಅಡಗಿದೆಯೆಂದು ಹುಡುಕಿದರೆ, ಅದು ಯುದ್ಧಭೂಮಿಯಲ್ಲಾಗಲಿ ಕಸಾಯಿಖಾನೆಯಲ್ಲಾಗಲಿ ಇಲ್ಲ. ಅಡುಗೆಮನೆಯ ಕಪಾಟಿನ ಕೆಳಗೆ, ಮಲಗುವ ಕೋಣೆಯ ಮೂಲೆಯಲ್ಲಿ, ಸೊಳ್ಳೆಬತ್ತಿಯ ತಟ್ಟೆಯಲ್ಲಿ ಕುಳಿತಿದೆ.

ಇರುವೆ, ತಿಗಣೆಗಳನ್ನು ತ್ರೀಂದ್ರಿಯ ಜೀವಿಗಳೆಂದೂ ನೊಣ, ಸೊಳ್ಳೆಗಳನ್ನು ಚತುರಿಂದ್ರಿಯ ಜೀವಿಗಳೆಂದೂ ನಮ್ಮ ಮಕ್ಕಳು ಪಾಠಶಾಲೆಯಲ್ಲಿ ಕಲಿಯುತ್ತಾರೆ. ಅದೇ ಮಕ್ಕಳು ರಾತ್ರಿ ಮಲಗುವುದು ಆ ಜೀವಿಗಳನ್ನು ಕೊಲ್ಲುವ ಹೊಗೆಯ ನಡುವೆ. ಈ ವಿರೋಧಾಭಾಸವನ್ನು ನಾವು ಬಹುಮಟ್ಟಿಗೆ ಅನಿವಾರ್ಯವೆಂದು ಒಪ್ಪಿಕೊಂಡಿದ್ದೇವೆ. ಆದರೆ ಕಳೆದ ಕೆಲವು ದಶಕಗಳ ವೈದ್ಯಕೀಯ ಸಂಶೋಧನೆ ಈ ಪ್ರಶ್ನೆಗೆ ಇನ್ನೊಂದು ಮುಖವನ್ನು ಸೇರಿಸಿದೆ. ಕೀಟಕ್ಕಾಗಿ ಇಟ್ಟ ವಿಷವು ಮನುಷ್ಯನ ದೇಹದೊಳಗಿನ ರೋಗನಿರೋಧಕ ವ್ಯವಸ್ಥೆಯನ್ನೂ ತಟ್ಟುತ್ತದೆಯೇ ಎಂಬುದೇ ಆ ಪ್ರಶ್ನೆ. ಇದನ್ನು ತಿಳಿಯಲು ಈ ವಿಷಗಳು ನಮ್ಮ ಮನೆಗಳನ್ನು ಹೊಕ್ಕ ಚರಿತ್ರೆಯನ್ನು ಮೊದಲು ನೋಡುವುದು ಉಚಿತ.

ಹೂವಿನಿಂದ ಆರಂಭ

ಮನೆಯಲ್ಲಿ ಬಳಸುವ ಕೀಟನಾಶಕಗಳ ಆಧುನಿಕ ಕಥೆ ಒಂದು ಹೂವಿನಿಂದ ಆರಂಭವಾಗುತ್ತದೆ. ಸೇವಂತಿಗೆಯ ಬಳಗಕ್ಕೆ ಸೇರಿದ ಪೈರೆಥ್ರಮ್ ಹೂವನ್ನು ಒಣಗಿಸಿ ಪುಡಿಮಾಡಿದರೆ ಅದು ಕೀಟಗಳನ್ನು ಕೆಡವುತ್ತದೆಂಬುದು ಪರ್ಷಿಯಾ, ಕಾಕಸಸ್ ಮತ್ತು ಡಾಲ್ಮೇಶಿಯಾ ಪ್ರದೇಶಗಳ ಜನರಿಗೆ ತಿಳಿದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪುಡಿ ಯುರೋಪು, ಅಮೆರಿಕಗಳ ಮಾರುಕಟ್ಟೆಗೆ ಬಂದಿತು. ಜಪಾನಿನಲ್ಲಿ ಎಯಿಚಿರೋ ಉಯೆಯಾಮ ಎಂಬ ಉದ್ಯಮಿ ಈ ಹೂವನ್ನು ಬೆಳೆಸಿ, ಅದರ ಪುಡಿಯಿಂದ ಊದುಬತ್ತಿಯಂತಹ ಸೊಳ್ಳೆಬತ್ತಿಯನ್ನು ತಯಾರಿಸಿದನು. ನೇರವಾದ ಬತ್ತಿಯು ಬೇಗನೆ ಉರಿದುಹೋಗುತ್ತಿದ್ದುದರಿಂದ ಅದನ್ನು ಸುರುಳಿಯಾಗಿ ಸುತ್ತಬಹುದೆಂಬ ಸಲಹೆ ಅವನ ಪತ್ನಿ ಯೂಕಿಯದು. 1902ರಲ್ಲಿ ಸುರುಳಿಬತ್ತಿ ಮಾರಾಟಕ್ಕೆ ಬಂದಿತು. ಇಂದು ನಮ್ಮ ಮನೆಗಳಲ್ಲಿ ಉರಿಯುವ ಬತ್ತಿಯ ಆಕಾರ ಅಲ್ಲಿಂದ ಬಂದದ್ದು.

1930ರ ದಶಕದ ಕೊನೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ವೈದ್ಯ ಪಾಲ್ ರಸೆಲ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಹಳ್ಳಿಗಳಲ್ಲಿ ಮನೆಯೊಳಗೆ ಪೈರೆಥ್ರಮ್ ದ್ರವವನ್ನು ಸಿಂಪಡಿಸಿ ಮಲೇರಿಯಾವನ್ನು ತಗ್ಗಿಸಬಹುದೇ ಎಂದು ಪರೀಕ್ಷಿಸಿದರು. ಫಲಿತಾಂಶ ಆಶಾದಾಯಕವಾಗಿದ್ದರೂ ಒಂದು ತೊಡಕಿತ್ತು: ಹೂವಿನ ವಿಷವು ಬೆಳಕಿಗೆ ಬೇಗನೆ ನಿಸ್ಸತ್ತ್ವವಾಗುತ್ತಿದ್ದುದರಿಂದ ಮತ್ತೆ ಮತ್ತೆ ಸಿಂಪಡಿಸಬೇಕಾಗಿತ್ತು. ಬೇಗನೆ ನಾಶವಾಗುವುದು ಅಂದಿನವರ ಕಣ್ಣಿಗೆ ದೋಷವಾಗಿ ಕಂಡಿತು. ಅದು ಗುಣವೂ ಆಗಿತ್ತೆಂಬುದು ತಿಳಿಯಲು ಇನ್ನೂ ಕಾಲ ಬೇಕಾಗಿತ್ತು.

ಗೋಡೆಗೆ ಅಂಟಿದ ವಿಷ

1874ರಲ್ಲಿ ಓಥ್ಮರ್ ಝೈಡ್ಲರ್ ಎಂಬ ರಸಾಯನಶಾಸ್ತ್ರಜ್ಞನು ತಯಾರಿಸಿ ಮರೆತಿದ್ದ ಒಂದು ಸಂಯುಕ್ತವನ್ನು 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಕೀಟಗಳ ಮೇಲೆ ಪರೀಕ್ಷಿಸಿದನು. ಅದೇ ಡಿ.ಡಿ.ಟಿ. ಗೋಡೆಗೆ ಒಮ್ಮೆ ಬಳಿದರೆ ತಿಂಗಳುಗಟ್ಟಲೆ ಅದರ ಶಕ್ತಿ ಉಳಿಯುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943-44ರ ಚಳಿಗಾಲದಲ್ಲಿ, ಇಟಲಿಯ ನೇಪಲ್ಸ್ ನಗರದಲ್ಲಿ ಹೇನುಗಳಿಂದ ಹರಡುತ್ತಿದ್ದ ಟೈಫಸ್ ಜ್ವರವನ್ನು ತಡೆಯಲು ಹತ್ತು ಲಕ್ಷಕ್ಕೂ ಮಿಕ್ಕಿ ಜನರ ಮೈಮೇಲೆ ಈ ಪುಡಿಯನ್ನು ಉದುರಿಸಲಾಯಿತು. ಜ್ವರ ತಗ್ಗಿತು. 1948ರಲ್ಲಿ ಮುಲ್ಲರನಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಭಾರತದ ಗ್ರಾಮಗಳಲ್ಲಿ ಮನೆಯೊಳಗೆ ಡಿ.ಡಿ.ಟಿ. ಸಿಂಪಡಿಸಿದ ಮೊದಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದು ನಡೆದದ್ದು ಕನ್ನಡನಾಡಿನಲ್ಲಿಯೇ. 1945-46ರ ಸುಮಾರಿಗೆ, ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಈ ಕಾರ್ಯ ಆರಂಭವಾಯಿತು. ಮಲೆನಾಡಿನ ತಿಳಿನೀರಿನ ಹಳ್ಳಗಳಲ್ಲಿ ಹುಟ್ಟುವ ಸೊಳ್ಳೆಗಳು ಊರೂರುಗಳನ್ನೇ ಬರಿದುಮಾಡಿದ್ದ ಕಾಲವದು. ಆ ಜ್ವರವನ್ನು ತಡೆದ ಕಾರ್ಯವನ್ನು ಯಾರೂ ಲಘುವಾಗಿ ಕಾಣಲಾಗದು. ಸ್ವಾತಂತ್ರ್ಯದ ಸಮಯದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತೆಂದೂ 8 ಲಕ್ಷ ಮಂದಿ ಸಾಯುತ್ತಿದ್ದರೆಂದೂ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದ ಮೇಲೆ, 1965ರ ವೇಳೆಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಅಹಿಂಸೆಯ ಬಗ್ಗೆ ಮಾತನಾಡುವವರು ಈ ಅಂಕಿಗಳನ್ನು ಮರೆತು ಮಾತನಾಡಬಾರದು. ಜ್ವರದಿಂದ ಸತ್ತ ಮಗುವೂ ಒಂದು ಜೀವವೇ.

ಆದರೆ ಜಯ ಸ್ಥಿರವಾಗಿ ಉಳಿಯಲಿಲ್ಲ. 1959ರಲ್ಲಿಯೇ ನಮ್ಮ ದೇಶದ ಮಲೇರಿಯಾ ಸೊಳ್ಳೆಯೊಂದರಲ್ಲಿ ಡಿ.ಡಿ.ಟಿ.ಯನ್ನು ತಾಳಿಕೊಳ್ಳುವ ಶಕ್ತಿ ಕಂಡುಬಂದಿತ್ತು. ಕಾರ್ಯಕ್ರಮದಲ್ಲಿ ಉಂಟಾದ ಶೈಥಿಲ್ಯವೂ ಸೇರಿ 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷವನ್ನು ಮೀರಿತು. ಇತ್ತ 1951ರಲ್ಲಿ ಅಮೆರಿಕದ ತಾಯಂದಿರ ಎದೆಹಾಲಿನಲ್ಲಿ ಡಿ.ಡಿ.ಟಿ. ಪತ್ತೆಯಾಗಿತ್ತು. ಗೋಡೆಯ ಮೇಲೆ ಉಳಿಯಲೆಂದು ಹೊಗಳಿಸಿಕೊಂಡ ವಸ್ತುವು ದೇಹದ ಕೊಬ್ಬಿನಲ್ಲಿಯೂ ವರ್ಷಗಟ್ಟಲೆ ಉಳಿಯುತ್ತಿತ್ತು. 1962ರಲ್ಲಿ ರೇಚಲ್ ಕಾರ್ಸನ್ ಅವರ 'ಸೈಲೆಂಟ್ ಸ್ಪ್ರಿಂಗ್' ಗ್ರಂಥ ಪ್ರಕಟವಾಯಿತು. 1972ರಲ್ಲಿ ಅಮೆರಿಕವು ಡಿ.ಡಿ.ಟಿ.ಯ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿತು. ಭಾರತದಲ್ಲಿ 1989ರಲ್ಲಿ ಕೃಷಿಯಲ್ಲಿ ಅದರ ಬಳಕೆ ನಿಂತು, ಸಾರ್ವಜನಿಕ ಆರೋಗ್ಯಕ್ಕೆ ಮಾತ್ರ ಅದನ್ನು ಉಳಿಸಿಕೊಳ್ಳಲಾಯಿತು.

ಒಂದರ ಬದಲು ಇನ್ನೊಂದು

ಡಿ.ಡಿ.ಟಿ.ಯ ಜೊತೆಗೇ ಬಂದ ಬಿ.ಎಚ್.ಸಿ. ಪುಡಿಯನ್ನು ನಮ್ಮ ಹಳ್ಳಿಗಳು 'ಗ್ಯಾಮಾಕ್ಸಿನ್' ಎಂದು ಕರೆದವು. ತಿಗಣೆಗೂ ಇರುವೆಗೂ ಅದನ್ನೇ ಚೆಲ್ಲಿದವು. ಅದರ ಸತ್ತ್ವವಾದ ಲಿಂಡೇನ್ ತಲೆಯ ಹೇನಿಗೂ ಕಜ್ಜಿಗೂ ಔಷಧಿಯಾಯಿತು. ಗೆದ್ದಲಿಗೆ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು ಬಂದವು. ಇವುಗಳ ಮೇಲೆ ಸಂಶಯ ಹುಟ್ಟಿದಾಗ ಮೆಲಾಥಿಯಾನ್, ಡೈಕ್ಲೋರ್‌ವಾಸ್, ಕ್ಲೋರ್‌ಪೈರಿಫಾಸ್‌ಗಳಂತಹ ರಂಜಕಯುಕ್ತ ವಿಷಗಳು ಅವುಗಳ ಸ್ಥಾನವನ್ನು ಹಿಡಿದವು. 1949ರಲ್ಲಿ ಅಮೆರಿಕದ ವಿಜ್ಞಾನಿಗಳು ಪೈರೆಥ್ರಮ್ ಹೂವಿನ ಸತ್ತ್ವವನ್ನು ಹೋಲುವ ಆಲೆಥ್ರಿನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1970ರ ದಶಕದಲ್ಲಿ ಇಂಗ್ಲೆಂಡಿನ ಮೈಕೆಲ್ ಎಲಿಯಟ್ ಬೆಳಕಿಗೂ ಕೆಡದ ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳನ್ನು ರೂಪಿಸಿದನು. ಇಂದಿನ ಸೊಳ್ಳೆಬತ್ತಿ, ವಿದ್ಯುತ್ ಸಾಧನದ ಬಿಲ್ಲೆ, ದ್ರವ, ಜಿರಲೆಯ ಸಿಂಪಡಣೆ ಇವೆಲ್ಲವೂ ಹೆಚ್ಚಾಗಿ ಈ ವಂಶದವು.

ಈ ಪರಂಪರೆಯಲ್ಲಿ ಒಂದು ಕ್ರಮ ಎದ್ದುಕಾಣುತ್ತದೆ. ಪ್ರತಿಯೊಂದು ವಿಷವೂ 'ಮನುಷ್ಯನಿಗೆ ನಿರಪಾಯಕಾರಿ' ಎಂಬ ಹೆಸರಿನಿಂದ ಮನೆಯನ್ನು ಹೊಕ್ಕಿತು. ಒಂದೆರಡು ತಲೆಮಾರು ಕಳೆದ ಮೇಲೆ ಅಪಾಯಕಾರಿಯೆಂದು ಹೊರಬಿದ್ದಿತು. ಅಮೆರಿಕದಲ್ಲಿ ಕ್ಲೋರ್ಡೇನ್ 1988ರಲ್ಲಿ ನಿಷೇಧವಾಯಿತು. 2000ದಲ್ಲಿ ಕ್ಲೋರ್‌ಪೈರಿಫಾಸ್‌ನ ಗೃಹಬಳಕೆಯನ್ನು ನಿಲ್ಲಿಸುವ ನಿರ್ಧಾರವಾಯಿತು. ಭಾರತದಲ್ಲಿ ಬಿ.ಎಚ್.ಸಿ. 1997ರಲ್ಲಿ ನಿಷಿದ್ಧವಾಯಿತು. ಲಿಂಡೇನಿನ ಬಳಕೆ 2013ರಲ್ಲಿ ಕೊನೆಗೊಂಡಿತು. ಡೈಕ್ಲೋರ್‌ವಾಸನ್ನು 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಯಿತು. ಮನೆಯಲ್ಲಿ ಅದನ್ನು ಬಳಸಿದವರಿಗೆ ಆ ನಡುವಿನ ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು.

ಕಾನೂನು ಕೂಡ ದುರಂತದ ಹಿಂದೆಯೇ ಬಂದಿದೆ. 1958ರಲ್ಲಿ ಹಡಗಿನ ಸಾಗಣೆಯಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿಹಿಟ್ಟನ್ನು ತಿಂದು ಕೇರಳದಲ್ಲಿ ನೂರಕ್ಕೂ ಮಿಕ್ಕಿ ಜನರು ಸತ್ತರು. ಆ ಘಟನೆಯ ವಿಚಾರಣೆಯ ಫಲವಾಗಿ ರೂಪುಗೊಂಡದ್ದು 1968ರ ಕೀಟನಾಶಕ ಅಧಿನಿಯಮ. 1984ರ ಡಿಸೆಂಬರಿನ ಭೋಪಾಲ ದುರಂತದ ಕಾರ್ಖಾನೆಯೂ ಕೀಟನಾಶಕವನ್ನು ತಯಾರಿಸುವುದಕ್ಕೇ ಕಟ್ಟಿದ್ದು. ಕೀಟಕ್ಕೆ ಎತ್ತಿದ ಕೈ ಮನುಷ್ಯನ ಮೇಲೆಯೂ ಬೀಳಬಹುದೆಂಬುದಕ್ಕೆ ಇವು ಪ್ರತ್ಯಕ್ಷ ನಿದರ್ಶನಗಳು. ಆದರೆ ಪ್ರತ್ಯಕ್ಷವಾಗಿ ಕಾಣದ, ನಿಧಾನವಾದ ಪರಿಣಾಮವೇ ನಮ್ಮ ಪ್ರಸ್ತುತ ವಿಷಯ.

ದೇಹದೊಳಗಿನ ಸ್ವ-ಪರ ವಿವೇಕ

ನಮ್ಮ ರಕ್ತದಲ್ಲಿಯೂ ದುಗ್ಧರಸ ಗ್ರಂಥಿಗಳಲ್ಲಿಯೂ ಮೂಳೆಯ ಮಜ್ಜೆಯಲ್ಲಿಯೂ ಇರುವ ಬಿಳಿಯ ರಕ್ತಕಣಗಳು ದೇಹದ ರಕ್ಷಕರು. ಅವುಗಳ ಮುಖ್ಯ ಕೆಲಸ ಹೋರಾಟವೆಂದು ನಾವು ತಿಳಿದಿದ್ದೇವೆ. ಆದರೆ ಹೋರಾಟಕ್ಕೆ ಮೊದಲು ಬೇಕಾದದ್ದು ವಿವೇಕ. ಇದು ತನ್ನದು, ಇದು ಪರಕೀಯ, ಇದು ಪರಕೀಯವಾದರೂ ನಿರುಪದ್ರವಿ ಎಂದು ಆ ಕಣಗಳು ಗುರುತಿಸಬೇಕು. ಆತ್ಮ ಮತ್ತು ದೇಹಗಳ ಭೇದವಿಜ್ಞಾನವನ್ನು ಬಲ್ಲ ನಮ್ಮ ಓದುಗರಿಗೆ ಈ ಮಾತು ಬೇಗನೆ ಅರ್ಥವಾಗುತ್ತದೆ. ಇದು ಹೋಲಿಕೆ ಮಾತ್ರ. ಆತ್ಮತತ್ತ್ವಕ್ಕೂ ರಕ್ತಕಣಕ್ಕೂ ನೇರ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ.

ಈ ವಿವೇಕ ಕೆಟ್ಟಾಗ ಮೂರು ಬಗೆಯ ಕೇಡುಗಳು ಸಂಭವಿಸುತ್ತವೆ. ವೈರಿಯನ್ನು ಎದುರಿಸುವ ಶಕ್ತಿ ಕುಂದಿದರೆ ಸೋಂಕುಗಳು ಮರುಕಳಿಸುತ್ತವೆ. ನಿರುಪದ್ರವಿಯನ್ನು ವೈರಿಯೆಂದು ಭ್ರಮಿಸಿದರೆ ಅಲರ್ಜಿ, ಉಬ್ಬಸಗಳು ಬರುತ್ತವೆ. ತನ್ನದನ್ನೇ ಪರಕೀಯವೆಂದು ತಿಳಿದರೆ ಸಂಧಿವಾತ, ಲೂಪಸ್ ಮೊದಲಾದ ಸ್ವಯಂನಿರೋಧಕ ವ್ಯಾಧಿಗಳು ತಲೆದೋರುತ್ತವೆ.

ಬಹುತೇಕ ಗೃಹೋಪಯೋಗಿ ಕೀಟನಾಶಕಗಳು ಕೀಟದ ನರಮಂಡಲವನ್ನು ಕೆಡಿಸುವ ವಿಷಗಳು. ರಂಜಕಯುಕ್ತ ವಿಷಗಳು ನರಗಳ ನಡುವೆ ಸಂದೇಶವನ್ನು ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯದ ವಿಲೇವಾರಿಯನ್ನು ತಡೆಯುತ್ತವೆ. ಪೈರೆಥ್ರಿನ್ ವಂಶದವು ನರತಂತುವಿನ ಸೋಡಿಯಂ ದ್ವಾರಗಳನ್ನು ತೆರೆದೇ ಇರಿಸುತ್ತವೆ. ಮನುಷ್ಯನ ನರಮಂಡಲವೂ ಇದೇ ಸಾಮಗ್ರಿಯಿಂದ ಕಟ್ಟಲ್ಪಟ್ಟಿದೆ; ನಮ್ಮನ್ನು ಉಳಿಸುವುದು ದೇಹದ ಗಾತ್ರ ಮತ್ತು ವಿಷವನ್ನು ಬೇಗನೆ ಒಡೆಯುವ ಯಕೃತ್ತಿನ ಸಾಮರ್ಥ್ಯ. ಬಿಳಿಯ ರಕ್ತಕಣಗಳ ಮೇಲೆಯೂ ಅಸಿಟೈಲ್‌ಕೋಲಿನ್ನಿನ ಸಂದೇಶವನ್ನು ಪಡೆಯುವ ಗ್ರಾಹಿಗಳಿವೆ. ಆದುದರಿಂದ ನರಕ್ಕೆಂದು ರೂಪಿಸಿದ ವಿಷವು ರಕ್ಷಕಕಣವನ್ನು ತಟ್ಟುವುದು ಅಸಂಭವವೇನಲ್ಲ.

ಸಂಶೋಧನೆ ಹೇಳುವುದೇನು?

1992ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಗೆದ್ದಲಿಗೆಂದು ಕ್ಲೋರ್ಡೇನ್ ಹಾಕಿದ ಕಟ್ಟಡಗಳಲ್ಲಿ ಅದರ ಸಂಪರ್ಕಕ್ಕೆ ಬಂದ 27 ಮಂದಿಯ ರಕ್ತವನ್ನು ಪರೀಕ್ಷಿಸಿ, ರಕ್ಷಕಕಣಗಳ ಪ್ರಮಾಣದಲ್ಲಿಯೂ ವರ್ತನೆಯಲ್ಲಿಯೂ ವ್ಯತ್ಯಾಸಗಳನ್ನು ಗುರುತಿಸಿದರು. ಮರುವರ್ಷ ಕ್ಲೋರ್‌ಪೈರಿಫಾಸ್‌ಗೆ ಒಡ್ಡಿಕೊಂಡ 12 ಮಂದಿಯಲ್ಲಿ, ಸ್ವಂತ ಅಂಗಾಂಶದ ವಿರುದ್ಧ ವರ್ತಿಸುವ ಪ್ರತಿಕಾಯಗಳು ಹೆಚ್ಚಾಗಿ ಕಂಡುಬಂದ ವರದಿ ಪ್ರಕಟವಾಯಿತು. ಇವು ಚಿಕ್ಕ ಅಧ್ಯಯನಗಳು. ಇವುಗಳಿಂದಲೇ ನಿರ್ಣಯಕ್ಕೆ ಬರಲಾಗದು. ಆದರೆ ಪ್ರಶ್ನೆಯನ್ನು ಎತ್ತಲು ಇವು ಸಾಕಾದವು.

1996ರಲ್ಲಿ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಸಂಸ್ಥೆಯಿಂದ ರಾಬರ್ಟ್ ರೆಪೆಟೊ ಮತ್ತು ಸಂಜಯ್ ಬಾಳಿಗ ಅವರು, ಕೀಟನಾಶಕಗಳು ಹಾಗೂ ರೋಗನಿರೋಧಕ ವ್ಯವಸ್ಥೆಯ ಕುರಿತು ಒಂದು ವಿಸ್ತೃತ ವರದಿಯನ್ನು ಪ್ರಕಟಿಸಿದರು. ಹಿಂದಿನ ಸೋವಿಯತ್ ಒಕ್ಕೂಟದ ವಿಜ್ಞಾನಿಗಳು ರಷ್ಯನ್ ಭಾಷೆಯಲ್ಲಿ ಬರೆದಿದ್ದ, ಹೊರಜಗತ್ತಿಗೆ ಅಷ್ಟಾಗಿ ತಿಳಿಯದ ಅಧ್ಯಯನಗಳನ್ನು ಅವರು ಸಂಗ್ರಹಿಸಿದ್ದರು. ಕೀಟನಾಶಕಗಳ ಬಳಕೆ ಅಧಿಕವಾಗಿದ್ದ ಪ್ರದೇಶಗಳಲ್ಲಿ ಉಸಿರಾಟದ ಮತ್ತು ಕರುಳಿನ ಸೋಂಕುಗಳು ಹೆಚ್ಚಾಗಿರುವುದನ್ನು ಆ ಅಧ್ಯಯನಗಳು ಸೂಚಿಸುತ್ತಿದ್ದವು. ಅವುಗಳ ವಿಧಾನದ ಬಗ್ಗೆ ಆಕ್ಷೇಪಗಳೂ ಬಂದವು. ಆದರೂ ಬಡದೇಶಗಳಲ್ಲಿ ಸೋಂಕಿನಿಂದ ಸತ್ತ ಮಗುವಿನ ಸಾವಿಗೆ ಕೀಟನಾಶಕವನ್ನು ಯಾರೂ ಹೊಣೆ ಮಾಡುವುದಿಲ್ಲ ಎಂಬ ಅಂಶವನ್ನು ಆ ವರದಿ ಮೊದಲ ಬಾರಿಗೆ ಜನರ ಗಮನಕ್ಕೆ ತಂದಿತೆನ್ನಬಹುದು.

2000ದಲ್ಲಿ ಕೆನಡಾದ ನುನಾವಿಕ್ ಪ್ರದೇಶದ ಇನುಯಿಟ್ ಶಿಶುಗಳ ಅಧ್ಯಯನ ಪ್ರಕಟವಾಯಿತು. ಡಿ.ಡಿ.ಟಿ. ದೇಹದಲ್ಲಿ ಮಾರ್ಪಟ್ಟು ಉಳಿಯುವ ಡಿ.ಡಿ.ಇ. ಮೊದಲಾದ ದ್ರವ್ಯಗಳನ್ನು ಗರ್ಭದಲ್ಲಿ ಹೆಚ್ಚಾಗಿ ಪಡೆದ ಶಿಶುಗಳಲ್ಲಿ ಮೊದಲ ವರ್ಷದ ಮಧ್ಯಕಿವಿಯ ಸೋಂಕು ಹೆಚ್ಚಾಗಿತ್ತು. ಇದರಿಂದ ಎದೆಹಾಲನ್ನು ಬಿಡಬೇಕೆಂದು ಯಾರೂ ತಿಳಿಯಬಾರದು. ಶಿಶುವಿನ ರಕ್ಷಣೆಗೆ ತಾಯಿಯ ಹಾಲಿಗೆ ಸಮನಾದುದಿಲ್ಲ. ತಿಳಿಯಬೇಕಾದ ಪಾಠವೆಂದರೆ, ಬೇರೆಲ್ಲಿಯೋ ಸಿಂಪಡಿಸಿದ ವಿಷವು ಅದನ್ನು ಎಂದೂ ಬಳಸದ ತಾಯಿಯ ಮಗುವನ್ನೂ ಮುಟ್ಟಬಲ್ಲದು ಎಂಬುದು. 2001ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ, ಕೀಟನಾಶಕದ ತ್ಯಾಜ್ಯಸ್ಥಳದ ಸುತ್ತಲಿನ ಜನರಲ್ಲಿ ಡಿ.ಡಿ.ಇ. ಹೆಚ್ಚಾಗಿದ್ದವರ ರಕ್ಷಕಕಣಗಳು ಪ್ರಚೋದನೆಗೆ ತಕ್ಕಷ್ಟು ವೃದ್ಧಿಯಾಗುವುದಿಲ್ಲವೆಂಬುದು ಕಂಡುಬಂದಿತು.

ಮನೆಯ ಬಳಕೆಗೆ ಹೆಚ್ಚು ಹತ್ತಿರವಾದ ಅಧ್ಯಯನ 2011ರದು. ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ದೊಡ್ಡ ಸಮೀಕ್ಷೆಗೆ ಸೇರಿದ, ಋತುಚಕ್ರ ನಿಂತ 76,861 ಮಹಿಳೆಯರ ಮಾಹಿತಿಯನ್ನು ಅಲ್ಲಿ ಪರಿಶೀಲಿಸಲಾಯಿತು. ಮನೆಯಲ್ಲಾಗಲಿ ಕೆಲಸದ ಸ್ಥಳದಲ್ಲಾಗಲಿ ತಾವೇ ಕೈಯಾರೆ ಕೀಟನಾಶಕವನ್ನು ವರ್ಷಕ್ಕೆ 6 ಅಥವಾ ಹೆಚ್ಚು ಬಾರಿ ಬಳಸಿದವರಲ್ಲಿ, ಎಂದೂ ಬಳಸದವರಿಗಿಂತ ಸಂಧಿವಾತ ಮತ್ತು ಲೂಪಸ್‌ಗಳ ಸಂಭವ ಸುಮಾರು ಎರಡು ಪಟ್ಟು ಇತ್ತು. 20 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬಳಸಿದವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಸಂಬಂಧ ಕಂಡುಬಂದ ಮಾತ್ರಕ್ಕೆ ಕಾರಣವು ಸಿದ್ಧವಾಗುವುದಿಲ್ಲ. ಜನರು ಹಿಂದಿನ ಬಳಕೆಯನ್ನು ನೆನಪಿನಿಂದ ಹೇಳಿದ್ದರು, ಯಾವ ವಿಷವನ್ನು ಬಳಸಿದರೆಂಬ ವಿವರವೂ ಇರಲಿಲ್ಲ. ಆದರೆ ಬಳಕೆ ಹೆಚ್ಚಿದಂತೆ ಅಪಾಯವೂ ಹೆಚ್ಚಿದ್ದುದನ್ನು ಅಲಕ್ಷಿಸುವಂತಿಲ್ಲ.

2015ರಲ್ಲಿ ಎರಡು ಮಹತ್ತ್ವದ ತೀರ್ಮಾನಗಳು ಬಂದವು. ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆಯು, ಮನೆಯೊಳಗೆ ಕೀಟನಾಶಕಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಮತ್ತು ದುಗ್ಧಗ್ರಂಥಿಯ ಕ್ಯಾನ್ಸರ್‌ಗಳ ಸಂಭವ ಹೆಚ್ಚೆಂದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು, ಲಿಂಡೇನ್ ಮನುಷ್ಯನಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತದೆಂದೂ ಡಿ.ಡಿ.ಟಿ. ಬಹುಶಃ ಉಂಟುಮಾಡುತ್ತದೆಂದೂ ವರ್ಗೀಕರಿಸಿತು. ಲಿಂಡೇನಿನ ವಿಷಯದಲ್ಲಿ ಗುರುತಿಸಿದ ವ್ಯಾಧಿ ನಾನ್-ಹಾಡ್ಜ್‌ಕಿನ್ ಲಿಂಫೋಮ. ಅದು ರಕ್ಷಕಕಣಗಳಲ್ಲಿಯೇ ಹುಟ್ಟುವ ಕ್ಯಾನ್ಸರ್. ನಮ್ಮ ಹಿರಿಯರು ಮಕ್ಕಳ ತಲೆಗೆ ಹಚ್ಚಿದ, ಹಾಸಿಗೆಯ ಕೆಳಗೆ ಚೆಲ್ಲಿದ ಪುಡಿಯ ಕಥೆ ಇಲ್ಲಿಗೆ ಬಂದು ನಿಂತಿತು.

ಸೊಳ್ಳೆಬತ್ತಿಯ ಕಥೆ ಸ್ವಲ್ಪ ಬೇರೆ. ಅದರಲ್ಲಿ ಕೀಟನಾಶಕದ ಅಂಶ ಅಲ್ಪ. ಉಳಿದುದು ಮರದ ಪುಡಿ, ಅಂಟು ಮೊದಲಾದವು. 2003ರಲ್ಲಿ ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿದಾಗ, ಒಂದು ಬತ್ತಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಹೊಗೆಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮನೆಂದು ಕಂಡುಬಂದಿತು. ಕೋಣೆಯಲ್ಲಿ ಧೂಮಪಾನವನ್ನು ಕನಸಿನಲ್ಲಿಯೂ ಒಪ್ಪದ ಕುಟುಂಬಗಳು ಕಿಟಕಿ ಮುಚ್ಚಿ ಬತ್ತಿ ಹಚ್ಚಿ ಮಲಗುತ್ತವೆ. ಹೊಗೆಯು ಶ್ವಾಸನಾಳದ ಒಳಪದರವನ್ನು ಕೆರಳಿಸಿ ಉಬ್ಬಸಕ್ಕೆ ದಾರಿಮಾಡುತ್ತದೆ. ನುಸಿಗುಳಿಗೆಯೂ ನಿರುಪದ್ರವಿಯಲ್ಲ: ನ್ಯಾಫ್ತಲಿನ್ ಇಟ್ಟ ಬಟ್ಟೆಯನ್ನು ಹೊದಿಸಿದಾಗ, ಜಿ-6-ಪಿ.ಡಿ. ಎಂಬ ಕಿಣ್ವದ ಕೊರತೆಯುಳ್ಳ ನವಜಾತ ಶಿಶುಗಳ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆಯಾದುದನ್ನು ವೈದ್ಯರು ಬಹುಕಾಲದಿಂದ ಬಲ್ಲರು.

ನೆಲದ ಮೇಲೆ ಬದುಕುವವರು

ಸಿಂಪಡಿಸಿದ ವಿಷ ಗಾಳಿಯಲ್ಲಿ ಕರಗಿಹೋಗುತ್ತದೆಂಬುದು ಸಾಮಾನ್ಯ ನಂಬಿಕೆ. 1998ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನವು, ಕೋಣೆಯಲ್ಲಿ ಕ್ಲೋರ್‌ಪೈರಿಫಾಸ್ ಸಿಂಪಡಿಸಿದ ಮೇಲೆ ಎರಡು ವಾರಗಳವರೆಗೂ ಅದು ಗೊಂಬೆಗಳ ಮೇಲೆ, ಮೃದುವಾದ ವಸ್ತುಗಳ ಮೇಲೆ ಸೇರುತ್ತಿದ್ದುದನ್ನು ತೋರಿಸಿತು. ಹಾಗಾದರೆ ವಿಷ ಹೆಚ್ಚಾಗಿ ಸೇರುವುದು ಯಾರ ಮೈಗೆ? ನೆಲದ ಮೇಲೆ ಅಂಬೆಗಾಲಿಡುವ, ಕೈಯನ್ನು ಬಾಯಿಗೆ ಹಾಕುವ ಶಿಶುವಿಗೆ. ಶಿಶುವಿನ ರಕ್ಷಣಾವ್ಯವಸ್ಥೆಯು ಸ್ವ-ಪರಗಳನ್ನು ಕಲಿಯುತ್ತಿರುವ ಕಾಲವೂ ಅದೇ.

ನಮ್ಮ ಸಮಾಜದಲ್ಲಿ ನೆಲದ ಮೇಲೆ ಬದುಕುವವರು ಇನ್ನೊಬ್ಬರಿದ್ದಾರೆ. ಪೂಜ್ಯ ದಿಗಂಬರ ಮುನಿಗಳು ಬರಿಗಾಲಿನಲ್ಲಿ ನಡೆಯುತ್ತಾರೆ, ವಸ್ತ್ರದ ಮರೆಯಿಲ್ಲದೆ ಹಲಗೆಯ ಮೇಲೆಯೋ ಚಾಪೆಯ ಮೇಲೆಯೋ ನೆಲದ ಮೇಲೆಯೋ ಮಲಗುತ್ತಾರೆ. ಚಾತುರ್ಮಾಸವು ಮಳೆಗಾಲದಲ್ಲಿ, ಅಂದರೆ ಕೀಟಗಳು ಹೆಚ್ಚಾಗಿರುವ ಕಾಲದಲ್ಲಿಯೇ ಬರುತ್ತದೆ. ಮುನಿಗಳ ಆಗಮನಕ್ಕೆ ಮುನ್ನ ವಸತಿಯನ್ನು 'ಶುದ್ಧಿ'ಗೊಳಿಸುವ ಉತ್ಸಾಹದಲ್ಲಿ ವಿಷವನ್ನು ಸಿಂಪಡಿಸಿದರೆ, ಪಿಂಛಿಯಿಂದ ಇರುವೆಯನ್ನು ಸರಿಸಿ ಕುಳಿತುಕೊಳ್ಳುವ ಮಹಾತ್ಮರನ್ನು ಸತ್ತ ಇರುವೆಗಳ ನೆಲದ ಮೇಲೆ, ಅದೇ ವಿಷದ ಮೇಲೆ ಕೂರಿಸಿದಂತಾಗುತ್ತದೆ. ಅವರ ವ್ರತಕ್ಕೂ ದೇಹಕ್ಕೂ ಒಟ್ಟಿಗೇ ಅಪಚಾರವಾಗುವ ಈ ಕೆಲಸವನ್ನು ಭಕ್ತಿಯೆಂದು ಕರೆಯುವುದು ಹೇಗೆ?

ಶಾಸ್ತ್ರದ ಮಾರ್ಗ

ಗೃಹಸ್ಥನಿಗೆ ಸಂಪೂರ್ಣ ಅಹಿಂಸೆ ಸಾಧ್ಯವಿಲ್ಲವೆಂಬುದನ್ನು ನಮ್ಮ ಆಚಾರ್ಯರು ಬಲ್ಲರು. ಅದಕ್ಕಾಗಿಯೇ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪಪೂರ್ವಕವಾದ ಹಿಂಸೆಯನ್ನು ಶ್ರಾವಕನು ಸರ್ವಥಾ ಬಿಡಬೇಕೆಂದು ವಿಧಿಸಿದ್ದಾರೆ. ಸೊಳ್ಳೆಯು ರೋಗವನ್ನು ತರುವುದರಿಂದ ಅದನ್ನು ಕೊಲ್ಲುವುದು ವಿರೋಧೀ ಹಿಂಸೆ, ಅಂದರೆ ಆತ್ಮರಕ್ಷಣೆ ಎಂದು ಹೇಳುವವರಿದ್ದಾರೆ. ರೋಗ ಹಬ್ಬಿದ ಊರಿನಲ್ಲಿ ಈ ವಾದಕ್ಕೆ ತೂಕವಿದೆ. 1990ರ ದಶಕದಿಂದ ಮಲೇರಿಯಾವನ್ನು ಕಂಡಿರುವ ಮಂಗಳೂರಿನ ಗೃಹಸ್ಥರನ್ನು ಈ ವಿಷಯದಲ್ಲಿ ಆಕ್ಷೇಪಿಸಲಾಗದು. ಆದರೆ ರಕ್ಷಣೆಯ ಹೆಸರಿನಲ್ಲಿ ಕೊಡುವ ಅವಕಾಶವು ಬೇರೆ ದಾರಿಯಿಲ್ಲದಾಗ ಮಾತ್ರ ಸಲ್ಲುತ್ತದೆ. ಪರದೆ ಕಟ್ಟಬಹುದಾದಲ್ಲಿ ಕಟ್ಟದೆ, ತೊಟ್ಟಿ ಮುಚ್ಚಬಹುದಾದಲ್ಲಿ ಮುಚ್ಚದೆ, ದಿನನಿತ್ಯದ ಅಭ್ಯಾಸವಾಗಿ ವಿಷವನ್ನು ಹೊತ್ತಿಸುವುದು ರಕ್ಷಣೆಯಲ್ಲ; ಅದು ಪ್ರಮಾದ.

ಗಂಗರ ಕಾಲದ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅನರ್ಥದಂಡವನ್ನು ವಿವರಿಸುವಾಗ, ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವುದನ್ನು ಒಂದು ದೋಷವಾಗಿ ಎಣಿಸಿ ಅಂತಹ ಉಪಕರಣಗಳಲ್ಲಿ ವಿಷವನ್ನು ಹೆಸರಿಸಿದ್ದಾರೆ. ಶ್ರಾವಕನು ಬಿಡಬೇಕಾದ ಹದಿನೈದು ವ್ಯಾಪಾರಗಳಲ್ಲಿ ವಿಷವಾಣಿಜ್ಯವೂ ಒಂದು. ಅವರ ಕಾಲದಲ್ಲಿ ಸಿಂಪಡಣೆಯ ಡಬ್ಬಿಯಿರಲಿಲ್ಲ. ಆಧುನಿಕ ವಿಜ್ಞಾನವನ್ನು ಅವರು ಮೊದಲೇ ಬಲ್ಲವರಾಗಿದ್ದರೆಂದು ನಾವು ಹೇಳಬೇಕಾಗಿಲ್ಲ. ವಿಷವು ಕೊಟ್ಟವನ ಉದ್ದೇಶಕ್ಕೆ ಬದ್ಧವಾಗಿ ನಿಲ್ಲುವುದಿಲ್ಲ, ಯಾರ ಕೈಗೋ ಸೇರಿ ಯಾರನ್ನೋ ಮುಟ್ಟುತ್ತದೆ ಎಂಬ ಲೋಕಜ್ಞಾನ ಅವರಿಗಿತ್ತು. ಡಿ.ಡಿ.ಟಿ.ಯ ಇತಿಹಾಸವು ಅದೇ ಮಾತನ್ನು ಅಂಕಿಗಳಲ್ಲಿ ಹೇಳಿದೆ.

ಕೃತ, ಕಾರಿತ, ಅನುಮೋದಿತ ಎಂಬ ತ್ರಿವಿಧ ಕರ್ತೃತ್ವವನ್ನೂ ಇಲ್ಲಿ ನೆನೆಯಬೇಕು. ಇಂದು ನಾವು ಕೈಯಾರೆ ಸಿಂಪಡಿಸದೆ ಗುತ್ತಿಗೆದಾರನ ಆಳನ್ನು ಕರೆಸುತ್ತೇವೆ. ಕೈ ನಮ್ಮದಲ್ಲದಿದ್ದರೂ ಕಾರಿತದ ಹೊಣೆ ನಮ್ಮದೇ. ಅದಕ್ಕೆ ಇನ್ನೊಂದು ಭಾರವೂ ಸೇರುತ್ತದೆ. ಕೈಗವಸು, ಮುಖಗವಸುಗಳಿಲ್ಲದೆ ದಿನಕ್ಕೆ ನಾಲ್ಕಾರು ಮನೆಗಳಲ್ಲಿ ಸಿಂಪಡಿಸುವ ಆ ಬಡ ಯುವಕನ ದೇಹಕ್ಕೆ ಸೇರುವ ವಿಷ ನಮ್ಮೆಲ್ಲರಿಗಿಂತ ಹೆಚ್ಚು. ಸೊಳ್ಳೆಯ ಬಗ್ಗೆ ಕನಿಕರಿಸಿ ಅವನನ್ನು ಮರೆತರೆ ಅದು ಅಹಿಂಸೆಯಾಗದು.

ಆಚರಣೆಯಲ್ಲಿ ಯತ್ನಾಚಾರ

ವಿಷವನ್ನು ಕಡಿಮೆ ಮಾಡಿದರೆ ಕೀಟಗಳು ಮನೆಯನ್ನು ತುಂಬುವುದಿಲ್ಲವೇ ಎಂಬ ಸಂದೇಹ ಸಹಜ. ಜಿರಲೆಯ ಮಲ ಮತ್ತು ಅವಶೇಷಗಳೂ ಮಕ್ಕಳ ಉಬ್ಬಸಕ್ಕೆ ಕಾರಣವೆಂಬುದು ನಿಜವೇ. ಅವನ್ನು ಬಿಟ್ಟುಬಿಡುವುದೂ ಪರಿಹಾರವಲ್ಲ. ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್ ಬಡಾವಣೆಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉತ್ತರವನ್ನು ನೀಡುತ್ತದೆ. ಸಿಂಪಡಣೆಯ ಬದಲಿಗೆ ಬಿರುಕುಗಳನ್ನು ಮುಚ್ಚುವುದು, ಸೋರುವ ನಲ್ಲಿಯನ್ನು ಸರಿಪಡಿಸುವುದು, ಆಹಾರವನ್ನು ಮುಚ್ಚಿಡುವುದು, ಅಗತ್ಯವಾದಲ್ಲಿ ಮಾತ್ರ ಅಲ್ಪವಿಷದ ಸಾಧನಗಳನ್ನು ಬಳಸುವುದು, ಇಷ್ಟನ್ನೇ ಕೈಗೊಂಡ ಮನೆಗಳಲ್ಲಿ ಜಿರಲೆಯಿರುವ ಮನೆಗಳ ಪ್ರಮಾಣವು ಆರು ತಿಂಗಳಲ್ಲಿ ಶೇಕಡ 80.5ರಿಂದ ಶೇಕಡ 39ಕ್ಕೆ ಇಳಿಯಿತು. ಹಳೆಯ ಪದ್ಧತಿಯಲ್ಲಿಯೇ ಉಳಿದ ಮನೆಗಳಲ್ಲಿ ಇಳಿಕೆ ಕಾಣಲಿಲ್ಲ.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ಪಾತ್ರೆ ತೊಳೆದು, ಒಲೆಯನ್ನು ಒರೆಸಿ ಒಣಗಿದ ಅಡುಗೆಮನೆಯಲ್ಲಿ ರಾತ್ರಿ ಸಂಚರಿಸುವ ಜಿರಲೆಗೆ ಏನು ಸಿಗುತ್ತದೆ? ರಾತ್ರಿಭೋಜನತ್ಯಾಗದ ಉದ್ದೇಶ ಬೇರೆಯಾದರೂ ಅದರ ಶಿಸ್ತು ಇಲ್ಲಿ ನೆರವಾಗುತ್ತದೆ. ಡೆಂಗಿ ಜ್ವರವನ್ನು ಹರಡುವ ಸೊಳ್ಳೆ ಮನೆಯ ಶೇಖರಿಸಿದ ತಿಳಿನೀರಿನಲ್ಲಿ ಹುಟ್ಟುತ್ತದೆ. ಮೊಟ್ಟೆಯಿಡುವ ಮೊದಲೇ ತೊಟ್ಟಿ, ಹಂಡೆಗಳನ್ನು ಬಟ್ಟೆಯಿಂದಲೋ ಮುಚ್ಚಳದಿಂದಲೋ ಮುಚ್ಚಿದರೆ ಕೊಲ್ಲಬೇಕಾದ ಮರಿಗಳೇ ಇರುವುದಿಲ್ಲ. ಹುಟ್ಟದ ಜೀವಕ್ಕೆ ಹಿಂಸೆಯಿಲ್ಲ. ಕಿಟಕಿಗೆ ಜಾಲರಿ, ಹಾಸಿಗೆಗೆ ಸೊಳ್ಳೆಪರದೆ ಇವು ಜೀವವನ್ನು ಕೊಲ್ಲದೆ ದೂರವಿಡುವ ಸಾಧನಗಳು. ಪಿಂಛಿಯ ತತ್ತ್ವವೂ ಇದೇ. ರೋಗವು ತೀವ್ರವಾಗಿರುವ ಊರುಗಳಲ್ಲಿ ಆರೋಗ್ಯ ಇಲಾಖೆಯು ಕೈಗೊಳ್ಳುವ ಕ್ರಮಗಳಿಗೆ ಅಡ್ಡಿಪಡಿಸದೆ, ಮನೆಯಲ್ಲಿ ನಾವಾಗಿ ಮಾಡುವ ಅನಗತ್ಯ ಬಳಕೆಯನ್ನು ನಿಲ್ಲಿಸುವುದು ವಿವೇಕ.

ಬಸದಿಗಳ ಆಡಳಿತ ಮಂಡಳಿಗಳಿಗೂ ಕೆಲವು ವಿನಂತಿಗಳು. ಗೆದ್ದಲಿನ ಕೆಲಸಕ್ಕೆ ಗುತ್ತಿಗೆ ಕೊಡುವಾಗ ಬಳಸುವ ವಸ್ತುವಿನ ಹೆಸರನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ನೋಡಬೇಕು: ಕೆಂಪು ಅತಿತೀವ್ರ ವಿಷವನ್ನೂ ಹಳದಿ ತೀವ್ರ ವಿಷವನ್ನೂ ನೀಲಿ ಮಧ್ಯಮ ವಿಷವನ್ನೂ ಹಸಿರು ಅಲ್ಪ ವಿಷವನ್ನೂ ಸೂಚಿಸುತ್ತದೆ. ಛಾವಣಿ ಸೋರದಂತೆ, ಗೋಡೆಯಲ್ಲಿ ತೇವ ನಿಲ್ಲದಂತೆ ನೋಡಿಕೊಂಡರೆ ಗೆದ್ದಲಿನ ಅರ್ಧ ಕಾರಣ ತೊಲಗುತ್ತದೆ. ತಾಳೆಗರಿಯ ಗ್ರಂಥಗಳಿಗೆ ಶುಷ್ಕವಾದ, ಗಾಳಿಯಾಡುವ ಕಪಾಟು, ಶುದ್ಧವಾದ ಬಟ್ಟೆಯ ಹೊದಿಕೆ ಮತ್ತು ಕಾಲಕಾಲಕ್ಕೆ ತೆರೆದು ನೋಡುವ ಕಣ್ಣು ಬೇಕು. ಬೀಗ ಹಾಕಿ ವಿಷದ ಪುಡಿಯನ್ನು ಚೆಲ್ಲುವುದು ಸಂರಕ್ಷಣೆಯಲ್ಲ. ಆಹಾರದಾನದ ಉಗ್ರಾಣದಲ್ಲಿ ಧಾನ್ಯವನ್ನು ಬಿಸಿಲಿಗೆ ಒಣಗಿಸಿ ತುಂಬಬೇಕು. ಜನರು ಮಲಗುವ ಕಟ್ಟಡದಲ್ಲಿ ಧಾನ್ಯಕ್ಕೆ ಹಾಕುವ ವಿಷದ ಗುಳಿಗೆಯನ್ನು ಎಂದಿಗೂ ಇಡಬಾರದು. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಪ್ರಾಣಾಂತಿಕವಾದುದು. ಚಾತುರ್ಮಾಸದ ವಸತಿಗೆ ಸಿಂಪಡಣೆಯ ಬದಲು ಜಾಲರಿಯನ್ನು ಹಾಕಿಸುವ ಸೇವೆಯನ್ನು ದಾನಿಗಳು ವಹಿಸಿಕೊಂಡರೆ ಅದು ನಿಜವಾದ ವಸತಿದಾನವಾದೀತು.

ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂಬುದು ನಮ್ಮ ಧರ್ಮದ ಲಾಂಛನದ ಅಡಿಯಲ್ಲಿಯೇ ಬರೆದಿರುವ ತತ್ತ್ವ. ಅದನ್ನು ನಾವು ಉಪದೇಶವೆಂದು ತಿಳಿದಿದ್ದೆವು. ಅದು ವಸ್ತುಸ್ಥಿತಿಯ ವರ್ಣನೆಯೂ ಹೌದೆಂಬುದನ್ನು ಈ ಎಂಬತ್ತು ವರ್ಷಗಳ ಇತಿಹಾಸ ತಿಳಿಸಿದೆ. ಸೊಳ್ಳೆಯ ನರವೂ ಶಿಶುವಿನ ನರವೂ ಒಂದೇ ಬಗೆಯ ನೂಲಿನಿಂದ ನೇಯಲ್ಪಟ್ಟಿರುವಾಗ, ಒಂದನ್ನು ಸುಡುವ ಬೆಂಕಿ ಇನ್ನೊಂದನ್ನು ಸೋಕದೆ ಇರುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ಶ್ರಾವಕ ಕುಟುಂಬವೂ ತನ್ನ ಮನೆಯಲ್ಲಿರುವ ವಿಷದ ಡಬ್ಬಿಗಳನ್ನು ಎಣಿಸಿ, ಅವುಗಳಲ್ಲಿ ಯಾವುದು ರಕ್ಷಣೆಗೆ ಬೇಕು, ಯಾವುದು ಅಭ್ಯಾಸಬಲದಿಂದ ಉಳಿದಿದೆ ಎಂದು ವಿವೇಚಿಸಿದರೆ, ಅಣುವ್ರತದ ದಾರಿಯಲ್ಲಿ ಅದೊಂದು ಸಾರ್ಥಕವಾದ ಹೆಜ್ಜೆಯಾದೀತು.